ಕೆರೆಯಂಗಳದ ಉಣ್ಣೆಗಿಡ

ಬಿಡದಿಯಲ್ಲಿ ಕಾರ್ಖಾನೆಗಳು ಎದ್ದು, ಅವುಗಳ ಗಾಳಿ ಹಾರೋಹಳ್ಳಿ ಕಡೆಗೂ ಬೀಸಿದಾಗ, ಮರಳವಾಡಿ ಹತ್ತಿರದ ಆ ಊರಿಗೆ ಮೊದಲು ಬಂದ ಅಭಿವೃದ್ಧಿ ಅಂದರೆ ಮುಳ್ಳುತಂತಿ. ದನ ಮೇಯುತ್ತಿದ್ದ ಗೋಮಾಳಕ್ಕೆ ಸುತ್ತ ಬೇಲಿ ಬಿತ್ತು. ಒಳಗೆ ಏನು ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಬಂದರೆ ತಮ್ಮ ಮಕ್ಕಳೇ ಅದಕ್ಕೆ ಮ್ಯಾನೇಜರುಗಳು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಮುನಿಯಮ್ಮನಿಗೆ ಮ್ಯಾನೇಜರಾಗುವ ಮಕ್ಕಳಿರಲಿಲ್ಲ. ಇದ್ದದ್ದು ಒಂದು ಸೀಮೆಹಸು. ಡೈರಿಗೆ ಹಾಕುವ ಹಾಲಿನಲ್ಲೇ ಅವಳ ಬದುಕು. ಗೋಮಾಳ ಹೋದ ಮೇಲೆ ಉಳಿದದ್ದು ಕೆರೆಯಂಗಳದ ಹುಲ್ಲೊಂದೇ. ಇಡೀ ಊರಿನ ದನ ಅಲ್ಲಿಗೇ ನುಗ್ಗಿದವು. ಮುನಿಯಮ್ಮನ ಹಸು ಬಲು ಮರ್ಯಾದಸ್ಥೆ. ಅದು ತಲೆ ಬಗ್ಗಿಸುವಷ್ಟರಲ್ಲಿ ನೆಲ ಬೋಳಾಗಿರುತ್ತಿತ್ತು.

ಚಳಿಗಾಲದಲ್ಲಿ ನೀರು ಹಿಂದೆ ಸರಿದ ಮಣ್ಣಲ್ಲಿ ಗೇಣುದ್ದವೂ ಇಲ್ಲದ ಒಂದು ಗಿಡ ಏಳುತ್ತಿತ್ತು. ಎಲೆ, ಕಾಂಡ, ಮೊಗ್ಗು ಎಲ್ಲಕ್ಕೂ ಬಿಳಿ ನವಿರು; ಮುಟ್ಟಿದರೆ ಕುರಿಮರಿ ಮೈ ಸವರಿದ ಹಾಗೆ. ಸೇವಂತಿಗೆಯ ಬಳಗವಂತೆ. ಬಳಗ ದೊಡ್ಡದಾದರೇನು, ಇದನ್ನು ಮುಡಿಯುವವರಿಲ್ಲ, ದನವೂ ಮೂಸುವುದಿಲ್ಲ, ಬೇಸಿಗೆ ಬಂದರೆ ಒಣಗಿ ಕತೆ ಮುಗಿಯಿತು.

ಪಕ್ಕದ ಮನೆಯ ಲತಾಮಣಿ ಒಂದು ದಿನ ಕೇಳಿದಳು, “ಇದ್ಯಾವ ಗಿಡ ಮುನಿಯಕ್ಕ, ಕೆರೆ ತುಂಬ ಎದ್ದೈತಲ್ಲ?”

“ಉಣ್ಣೆಗಿಡ ಕಣವ್ವ.”

ಮುನಿಯಮ್ಮ ಹೇಳಿದ್ದು ಕುರಿಯ ಉಣ್ಣೆ. ಲತಾಮಣಿ ಕೇಳಿಸಿಕೊಂಡದ್ದು ದನದ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಸಂಜೆಯೊಳಗೆ ಆ ಗಿಡದಲ್ಲಿ ಉಣ್ಣೆ ಹುಟ್ಟುತ್ತವೆಂದು ಊರಿಗೆಲ್ಲ ಗೊತ್ತಾಯಿತು. ಸಕಲ ವಿಷಯಕ್ಕೂ ತೀರ್ಪು ಕೊಡುವ ನಂಜುಂಡಯ್ಯ ತನ್ನ ಎತ್ತಿನ ಕಿವಿಯಿಂದ ಒಂದನ್ನು ಕಿತ್ತು ತೋರಿಸಿದ. “ನೋಡ್ರಲಾ, ಗಿಡದ್ದೇ ಬಣ್ಣ!” ಆ ಕಿವಿಯಲ್ಲಿ ಉಣ್ಣೆಯ ವಂಶ ಬಹಳ ಹಿಂದಿನಿಂದಲೂ ಸುಖವಾಗಿತ್ತೆಂದು ಹೇಳುವವರು ಯಾರು? ಕೆರೆಗೆ ದನ ಬಿಡುವುದು ನಿಂತಿತು.

ಮುನಿಯಮ್ಮ ತಿದ್ದಬಹುದಿತ್ತು. ದೊಡ್ಡವರ ಮಾತಿಗೆ ಎದುರಾಡಬಾರದೆಂಬ ವಿನಯ ಅವಳಿಗೆ ಅಂದೇ ಬಂತು. ಇಡೀ ಕೆರೆ ಅವಳ ಹಸುವಿನದಾಯಿತು. ಅದರ ಬೆನ್ನು ಮಿಂಚಿತು, ಹಾಲು ಏರಿತು.

“ನಿನ್ ಹಸೀಗೆ ಉಣ್ಣೆ ಕಚ್ಚಾಕಿಲ್ವಕ್ಕ?” ಎಂದಳು ಲತಾಮಣಿ.

“ಬಡವ್ರ ರಕ್ತ ಯಾವ್ ಉಣ್ಣೆಗೆ ರುಚಿ ಆದಾತವ್ವ?”

ಹಾಗೆ ಸುಖವಾಗಿರುವಾಗ ಸರ್ವೆಯವರು ಬಂದರು. ಕೆರೆಯಂಗಳದ ಮೇಲೆ ಕಣ್ಣಾಡಿಸಿ, “ದನ ಗಿನ ಏನೂ ಮೇಯಲ್ಲ ಇಲ್ಲಿ. ಖಾಲಿ ಬಿದ್ದಿದೆ, ಇದನ್ನೂ ಬೇಲಿಯೊಳಕ್ಕೆ ಸೇರಿಸಬಹುದು. ನಾಳೆ ಸಾಹೇಬ್ರು ನೋಡಲಿ” ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದು ಮುನಿಯಮ್ಮನ ಕಿವಿಗೆ ಬಿತ್ತು. ಅವಳ ಹಸು ಎದುರಿಗೇ ನಿಂತಿತ್ತು. ಒಂದು ಹಸುವನ್ನು ದನವೆಂದು ಎಣಿಸುವಷ್ಟು ಸಣ್ಣತನ ಸರ್ಕಾರಕ್ಕಿಲ್ಲ.

ಅವಳು ಡೈರಿ ಮುಂದಕ್ಕೆ ಓಡಿದಳು. “ದನ ಬುಡ್ರಪ್ಪ ಕೆರೆಗೆ! ನಾ ಅಂದಿದ್ದು ಕುರಿ ಉಣ್ಣೆ, ದನದ್ದಲ್ಲ. ಕೆರೆಗೂ ಬೇಲಿ ಆಕ್ತಾರೆ!”

“ಇಷ್ಟ್ ದಿನ ಬಾಯ್ಗೆ ಬೀಗ ಆಕ್ಕಂಡಿದ್ಯಾ?” ನಂಜುಂಡಯ್ಯ ನಕ್ಕ. “ನಮ್ ದನಕ್ಕೆಲ್ಲ ಉಣ್ಣೆ ಅತ್ತುಸ್ಬೇಕು ಅಂತ ಆಸೆ ನಿಂಗೆ.”

“ನಿನ್ ಹೊಟ್ಟೆಕಿಚ್ಚು ನಮಗ್ ಗೊತ್ತಿಲ್ವ, ಮುನಿಯಕ್ಕ!” ಲತಾಮಣಿಯೂ ಸೇರಿಸಿದಳು.

ನಿಜ ಹೇಳಿ ನಂಬಿಸುವಷ್ಟು ಪುರುಸೊತ್ತು ಇರಲಿಲ್ಲ. ಮುನಿಯಮ್ಮ ದನಿ ತಗ್ಗಿಸಿದಳು. “ಓಗ್ಲಿ ಬುಡಿ. ಆ ಗಿಡಾನ ಕಂಪ್ನಿಯೋರು ಔಷ್ದಿಗೆ ಅಂತ ಲಾರಿ ತುಂಬ್ಕಂಡು ಓಯ್ತಾರಂತೆ. ಯಾರ್ ದನ ಎಲ್ ಮೇಯ್ತವೋ ಅಲ್ಲಿನ ಗಿಡ ಅವ್ರದ್ದೇ ಅಂತೆ. ಒಬ್ಳೇ ಇಟ್ಕಳಣ ಅಂತಿದ್ದೆ.”

ಕಂಪನಿ ಅಂದಮೇಲೆ ಪುರಾವೆ ಕೇಳುವುದುಂಟೆ? ಮರುದಿನ ಸಾಹೇಬರು ಬಂದಾಗ ಕೆರೆಯಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎತ್ತು, ಎಮ್ಮೆ, ಕರು, ನಡುನಡುವೆ ಗೂಟ ಹೊಡೆದು ಜಗಳ. ನಂಜುಂಡಯ್ಯ ಜೀಪಿಗೇ ಅಡ್ಡ ನಿಂತ. “ನಮ್ ತಾತನ್ ಕಾಲ್ದಿಂದ ಇಲ್ಲೇ ಮೇಯ್ಸದು ಸಾಮಿ, ಒಂದಂಗುಲ ಬುಡಾಕಿಲ್ಲ!” ಸಾಹೇಬರು ಬೂಟಿಗೆ ಹತ್ತಿದ ಸಗಣಿ ನೋಡಿಕೊಂಡು, ಬೇಲಿಗೆ ಬೇರೆ ಕಡೆ ಜಾಗ ಹುಡುಕಿ ಅಂತ ಹೇಳಿ ಹೊರಟುಹೋದರು.

ಕೆರೆ ಉಳಿಯಿತು. ಮುನಿಯಮ್ಮನ ಹಾಲು ಇಳಿಯಿತು.

“ಲಾರಿ ಯಾವಾಗ್ ಬತ್ತದಕ್ಕ?” ಲತಾಮಣಿ ದಿನಾ ಕೇಳುತ್ತಾಳೆ.

“ಬತ್ತದೆ ಇರವ್ವ. ಬರಗಂಟ ಹಸ ಬುಟ್ಕಂಡು ಕಾಯ್ತಿರು. ಒಸಿ ಆ ಕಡೀಕ್ ಸರುಸ್ಕ, ನಂದಕ್ಕೂ ಒಂದ್ ಹಿಡಿ ಹುಲ್ಲು ಸಿಗ್ಲಿ.”