ಕೋಲ್ಡ್ ರೂಮಿನಲ್ಲಿ ಕೇಳಿದ ಹಾಡು

ಟೆಕ್ಸಸ್‌ಗೆ ಬಂದ ಮೊದಲ ವರ್ಷ ನನಗೆ ಎಲ್ಲದಕ್ಕೂ ಭಯ. ಹೆದ್ದಾರಿಗೆ ಭಯ, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಅಂಗಡಿಯಲ್ಲಿ ಹಾಲು ಕೊಳ್ಳುವವರನ್ನು ಕಂಡರೆ ಭಯ. ಹುಬ್ಬಳ್ಳಿಯಿಂದ ಡಾಲಸ್ ಪಕ್ಕದ ರಿಚರ್ಡ್‌ಸನ್‌ಗೆ ಓದಲು ಬಂದವಳು ನಾನು. ತಲೆಗೆ ಸ್ಕಾರ್ಫ್ ಕಟ್ಟುತ್ತಿದ್ದೆ. ಯಾರಾದರೂ ತಿರುಗಿ ನೋಡಿದರೆ ಅದು ಕುತೂಹಲವೋ ಇನ್ನೇನೋ ತಿಳಿಯದೆ ನೆಲ ನೋಡಿಕೊಂಡು ನಡೆಯುತ್ತಿದ್ದೆ.

ರೂಮ್‌ಮೇಟ್ ಮೈಸೂರಿನವಳು, ಗಟ್ಟಿ ಗುಂಡಿಗೆಯವಳು. ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ, ಊರಾಚೆಯ ಹೋಟೆಲೊಂದರ ಹಿತ್ತಲಲ್ಲಿ ಇಲ್ಲಿನ ಹಳ್ಳಿಗಾಡಿನ ಕಂಟ್ರಿ ಮ್ಯೂಸಿಕ್ ಇದೆ ಎಂದು ನನ್ನನ್ನು ಹೊರಡಿಸಿದಳು.

"ಅಲ್ಲಿ ಬರೇ ದೊಡ್ಡ ಕೌಬಾಯ್ ಟೋಪಿ ಮಂದಿ ಇರ್ತಾರ. ನಾ ಒಲ್ಲೆ," ಎಂದೆ.

"ಟೋಪಿ ಹಾಕ್ಕೊಂಡೋರು ಕಚ್ತಾರಾ? ಸುಮ್ನೆ ಬಾರೆ."

ಮರದ ವೇದಿಕೆಯ ಮೇಲೆ ಮೂವರು ನುಡಿಸುತ್ತಿದ್ದರು. ಪಿಟೀಲು ಹಿಡಿದವಳು ಎಪ್ಪತ್ತು ದಾಟಿದ ಅಜ್ಜಿ. ಮೂರನೆಯ ಹಾಡಿನ ಹೊತ್ತಿಗೆ ಗಾಳಿ ತಟ್ಟನೆ ನಿಂತಿತು. ಆಕಾಶ ಹಳೆಯ ಪೆಟ್ಟಿನ ಗುರುತಿನ ಹಾಗೆ ಹಸಿರುಗಟ್ಟಿತು. ಅಪಾಯದ ಎಚ್ಚರಿಕೆ ಬಂದು ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು. ದೂರದಲ್ಲಿ ಸೈರನ್ ಎದ್ದಿತು.

"ಟಾರ್ನೆಡೊ! ಒಳಗೆ, ಎಲ್ಲರೂ ಒಳಗೆ!" ಎಂದು ಹೋಟೆಲಿನವನು ಕೂಗಿದ.

ಸುಮಾರು ನಲವತ್ತು ಜನರನ್ನು ಅಡುಗೆಮನೆಯ ಹಿಂದೆ ಮಾಂಸ ಇಡುವ ಕೋಲ್ಡ್ ರೂಮಿಗೆ ತುಂಬಿದರು. ದಪ್ಪ ಬಾಗಿಲು ಮುಚ್ಚಿತು. ಕರೆಂಟ್ ಹೋಯಿತು. ಕತ್ತಲು, ಮೂಳೆಗಿಳಿಯುವ ಚಳಿ, ಹಸಿ ಮಾಂಸದ ವಾಸನೆ. ರೂಮ್‌ಮೇಟ್ ಜನರ ನಡುವೆ ಎಲ್ಲೋ ತಪ್ಪಿಹೋಗಿದ್ದಳು. ಛಾವಣಿಯ ಮೇಲೆ ಸುಂಟರಗಾಳಿಯದು ಗೂಡ್ಸ್ ರೈಲು ಹರಿದಂಥ ಸದ್ದು. ದುವಾ ಹೇಳಹೊರಟರೆ ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಒಂದು ಪದವೂ ನೆನಪಿಗೆ ಬರಲಿಲ್ಲ.

ಯಾರೋ ನನ್ನ ಕೈ ಹಿಡಿದರು. ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ ಬೆರಳುಗಳು. ಆ ಅಜ್ಜಿ.

"ಹೆದರಿಕೆನಾ ಮಗಳೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಬಹಳ."

"ನನಗೂ. ಸಣ್ಣವಳಿದ್ದಾಗ ನಮ್ಮ ಮನೆ ಇದರಲ್ಲೇ ಹೋಯಿತು. ಸ್ವಲ್ಪ ಹಾಡ್ತೀನಿ, ಇಲ್ಲದಿದ್ದರೆ ಕಿರುಚಿಬಿಡ್ತೀನಿ."

ಹೊಳೆ ದಾಟಲಾಗದೆ ದಡದಲ್ಲೇ ನಿಂತ ಹುಡುಗಿಯ ಮೇಲೆ ಒಂದು ಹಳೆಯ ಜನಪದ ಹಾಡು. ಮೊದಲ ಸಾಲಿಗೇ ದನಿ ಒಡೆಯಿತು. ಎರಡನೆಯದಕ್ಕೆ ಕತ್ತಲೊಳಗಿಂದ ಒಂದು ಗಡಸು ಗಂಡುದನಿ ಕೂಡಿಕೊಂಡಿತು, ಆಮೇಲೆ ಇನ್ನೆಷ್ಟೋ. ಎಲ್ಲರೂ ಹೆದರಿಕೊಂಡೇ ಹಾಡುತ್ತಿದ್ದಾರೆಂದು ಕೇಳಿದರೇ ತಿಳಿಯುತ್ತಿತ್ತು. ಪಲ್ಲವಿ ಮೂರನೆಯ ಸಲ ಬಂದಾಗ ನಾನೂ ತುಟಿ ಅಲ್ಲಾಡಿಸಿದೆ.

ಬಾಗಿಲು ತೆಗೆದಾಗ ವೇದಿಕೆಯ ಛಾವಣಿ ಇರಲಿಲ್ಲ. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ರೂಮ್‌ಮೇಟ್ ಅಳುತ್ತ ಬಂದು ತಬ್ಬಿಕೊಂಡಳು.

"ಸಾರಿ ಕಣೆ, ಇನ್ಮೇಲೆ ಎಲ್ಲಿಗೂ ಕರೆಯಲ್ಲ."

"ಮುಂದಿನ ವಾರ ಈ ಅಜ್ಜಿ ಎಲ್ಲಿ ಹಾಡ್ತಾಳ ಕೇಳ್ಕೊಂಡ್ ಬಾ," ಎಂದೆ. ಹಲ್ಲು ಇನ್ನೂ ಕಟಕಟ ಅನ್ನುತ್ತಿತ್ತು.

ಆ ಬೇಸಿಗೆಯಲ್ಲಿ ಹಾಡು ಕೇಳಲು ಬಸ್ ಹಿಡಿದು ಆಸ್ಟಿನ್ನಿನ ಸಣ್ಣ ಸಣ್ಣ ಹಾಲ್‌ಗಳಿಗೆಲ್ಲ ಹೋದೆ. ಈ ನೆಲ ನನಗೆ ಇಷ್ಟವಾದದ್ದು ಹಾಗೆ, ಒಂದೊಂದು ಹಾಡಿನಿಂದ. ಈಗ ಹ್ಯೂಸ್ಟನ್ನಿನಲ್ಲಿ ಕೆಲಸ. ಭಾನುವಾರಗಳಲ್ಲಿ ಪಿಟೀಲು, ಗಿಟಾರ್ ಹುಡುಕಿಕೊಂಡು ಒಬ್ಬಳೇ ಡ್ರೈವ್ ಮಾಡುತ್ತೇನೆ. ಮೋಡ ಕವಿದರೆ ಇವತ್ತಿಗೂ ಅಂಗೈ ಬೆವರುತ್ತದೆ. ಹೋದಲ್ಲೆಲ್ಲ ಮೊದಲು ಗಟ್ಟಿ ಗೋಡೆ ಯಾವುದೆಂದು ನೋಡುತ್ತೇನೆ, ಅದರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ.