ಅತ್ತೆಗೆ ಮಾಡಿದ ಸೂಪು

ಮದುವೆಯಾಗಿ ಹನ್ನೊಂದು ವರ್ಷವಾದರೂ ನಮ್ಮ ಅತ್ತೆ ನನ್ನೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಹಾಗಂತ ಜಗಳವೇನೂ ಇಲ್ಲ. ಸಿರಿಗೇರಿಯ ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ಉಣ್ಣುವುದಿಲ್ಲ. ಏನಾದರೂ ಹೇಳಲೇಬೇಕೆಂದರೆ ಗೋಡೆಗೆ ಹೇಳುತ್ತಾರೆ. ‘ಫ್ಯಾನ್ ಹಾಕಿದ್ರ ಚಲೋ ಇತ್ತು’ ಎಂದು ಅವರು ಗೋಡೆಗೆ ಹೇಳಿದರೆ ನಾನೆದ್ದು ಫ್ಯಾನ್ ಹಾಕಬೇಕು. ಈ ಏರ್ಪಾಡಿಗೆ ಇಬ್ಬರೂ ಒಗ್ಗಿಹೋಗಿದ್ದೆವು.

ಹೋದ ಚಳಿಗಾಲದಲ್ಲಿ ಅವರಿಗೆ ಟೈಫಾಯ್ಡ್ ಆಯಿತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಬಳ್ಳಾರಿಯ ನಮ್ಮ ಮನೆಗೇ ಕರೆತಂದೆವು. ಜ್ವರ ಹೋಗಿತ್ತು, ಮೈಯಲ್ಲಿ ಮಾತ್ರ ಕಸುವಿರಲಿಲ್ಲ. ‘ತರಕಾರಿ ಸೂಪು ಕೊಡ್ರಿ, ಖಾರ ಬ್ಯಾಡ. ಶನಿವಾರ ಕರಕೊಂಡು ಬರ್ರಿ. ತೂಕ ಹಿಂಗ ಇಳಕೋತ ಹೋದ್ರ ಮತ್ತ ಅಡ್ಮಿಟ್ ಮಾಡಿ ಸಲೈನ್ ಹಚ್ಚಬೇಕಾಗತೈತಿ’ ಎಂದಿದ್ದರು ಡಾಕ್ಟರು. ನನ್ನ ಹೆಂಡತಿ ಕುರುಗೋಡಿನಲ್ಲಿ ಹೈಸ್ಕೂಲ್ ಟೀಚರು. ಅವಳ ರಜೆಯೆಲ್ಲ ಆಸ್ಪತ್ರೆಯಲ್ಲೇ ಮುಗಿದಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಯೇ. ನಾನು ಸಂಜೆ ಹೊತ್ತು ಟ್ಯೂಷನ್ನಿನಲ್ಲಿ ಲೆಕ್ಕ ಹೇಳಿಕೊಡುವವನು. ಹೀಗಾಗಿ ಹಗಲು ಮನೆಯಲ್ಲಿ ಉಳಿಯುವವರು ಅತ್ತೆ ಮತ್ತು ನಾನು, ಇಬ್ಬರೇ.

ಕುರುಗೋಡಿನ ಬಸ್ ಸ್ಟ್ಯಾಂಡಿನ ತಳ್ಳುಗಾಡಿಯಿಂದ ಹೆಂಡತಿ ಎಳೆ ಸೋರೆಕಾಯಿ, ಗಜ್ಜರಿ, ಹಸಿ ಬಟಾಣಿ ತಂದಿಡುತ್ತಿದ್ದಳು. ನಾನು ಮೊಬೈಲ್ ನೋಡಿಕೊಂಡು ಸೂಪು ಮಾಡಲು ನಿಂತೆ. ಗಜ್ಜರಿಯನ್ನು ಒಂದೇ ಅಳತೆಯ ಚೌಕಗಳಾಗಿ ಹೆಚ್ಚಿದೆ. ಗಟ್ಟಿಯಾಗಲೆಂದು ಕಾರ್ನ್‌ಫ್ಲೋರ್ ಹಾಕಿದೆ. ದೊಡ್ಡ ಬಟ್ಟಲಿನ ತುಂಬ ಸುರಿದು, ಅತ್ತೆಯ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಬಾಗಿಲ ಹೊರಗೆ ನಿಂತೆ. ಐದು ನಿಮಿಷಕ್ಕೊಮ್ಮೆ ‘ಕುಡದ್ರಾ?’ ಎಂದು ಕೇಳಿದೆ. ಅರ್ಧ ತಾಸಿನ ಮೇಲೆ ನೋಡಿದರೆ ಬಟ್ಟಲು ತೊಳೆದು ಬೋರಲು ಹಾಕಿತ್ತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ನನ್ನ ಕೈರುಚಿಗೆ ನಾನೇ ಬೆನ್ನು ತಟ್ಟಿಕೊಂಡು, ರಾತ್ರಿ ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಆದರೆ ಅತ್ತೆಯ ಮುಖ ದಿನದಿನಕ್ಕೆ ಇನ್ನಷ್ಟು ಸಣ್ಣಗಾಗುತ್ತಿತ್ತು. ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲೂ ಆಗುತ್ತಿರಲಿಲ್ಲ.

ಗುರುವಾರ ಅತ್ತೆಯ ಕೋಣೆಗೆ ಹೊಂದಿಕೊಂಡ ಬಚ್ಚಲಲ್ಲಿ ನೀರು ಕಟ್ಟಿಕೊಂಡಿತು. ಜಾಲರಿಗೆ ಕೈ ಹಾಕಿದರೆ ಬಟಾಣಿ ಕಾಳು ಸಿಕ್ಕವು, ಜೊತೆಗೆ ಗಜ್ಜರಿಯ ಚೂರುಗಳು. ಒಂದೇ ಅಳತೆಯ ಚೌಕಗಳು. ಆ ಕೈಚಳಕ ಊರಲ್ಲಿ ಇನ್ನಾರದ್ದೂ ಇರಲಾರದು. ನನಗೆ ಕೋಪ ಮೊದಲೇ ಮೂಗಿನ ತುದಿಯಲ್ಲಿ. ಒದ್ದೆ ಕೈಯಲ್ಲೇ ಹೆಂಡತಿಗೆ ಫೋನು ಹಚ್ಚಿದೆ.

‘ನಿಮ್ಮವ್ವ ಮೂರು ದಿನದಿಂದ ಸೂಪು ಬಚ್ಚಲಕ್ಕ ಸುರುವ್ಯಾರ’ ಎಂದೆ.

ಅವಳು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: ‘ನೀವು ಬಾಗಲದಾಗ ನಿಂತು ಕುಡದ್ರಾ ಕುಡದ್ರಾ ಅಂದ್ರ ಅವ್ವನ ಗಂಟಲಾಗ ಹೆಂಗ ಇಳೀಬೇಕ್ರಿ? ಉಳಿಸಿದ್ರ ಆ ಬಟ್ಟಲ ನೀವು ಎತ್ತಬೇಕು. ಅಳಿಯನ ಕೈಲೆ ಎಂಜಲ ಎತ್ತಿಸಾಕಿ ಅಲ್ಲ ಆಕಿ.’

ಫೋನಿಟ್ಟ ಮೇಲೆ ನನಗೆ ನಾಚಿಕೆಯಾಯಿತು. ನನ್ನ ಮರ್ಯಾದೆ ಕಾಯುವುದಕ್ಕಾಗಿ ಆ ಜೀವ ಎರಡು ಚಮಚ ಕುಡಿದು, ಬಟ್ಟಲು ಹಿಡಿದು ಬಚ್ಚಲಿನತನಕ ತೆವಳಿಕೊಂಡು ಹೋಗಿ, ತೊಳೆದು ತಂದಿಟ್ಟಿತ್ತು. ನಾನು ಹೊರಗೆ ಪಹರೆ ಕಾಯುತ್ತಿದ್ದೆ. ಶನಿವಾರಕ್ಕೆ ಉಳಿದಿದ್ದು ಒಂದೇ ದಿನ.

ಶುಕ್ರವಾರ ಬೆಳಿಗ್ಗೆ ಬಟಾಣಿಯನ್ನು ಮೊರದಲ್ಲಿ ಹಾಕಿಕೊಂಡು ಹೋಗಿ ಅವರ ಮಂಚದ ಮೇಲಿಟ್ಟೆ. ನಾನೂ ಗೋಡೆಗೇ ಹೇಳಿದೆ: ‘ಎಳೇದು ಯಾವುದು, ಬಲತದ್ದು ಯಾವುದು ನನಗ ತಿಳಿಯವಲ್ದು.’

ಹೇಳಿ ಬಾಗಿಲ ಕಡೆ ತಿರುಗಿದೆ. ಆಮೇಲೆ ಬೆನ್ನ ಹಿಂದೆ ಕೇಳಿಸಿತು: ‘ಲೆಕ್ಕದ ಮೇಷ್ಟ್ರಿಗೆ ಬಟಾಣಿ ಬಿಡಸಾಕ ಬರಂಗಿಲ್ಲಂದ್ರ ಹೆಂಗ?’ ಅದೂ ಗೋಡೆಗೇ. ನಾನು ಅಡುಗೆಮನೆ ಸೇರುವಷ್ಟರಲ್ಲಿ ಕಾಯಿ ಬಿಡಿಸುವ ಸದ್ದು ಶುರುವಾಗಿತ್ತು.

ಅಲ್ಲಿಂದ ಮುಂದೆ ಕೋಣೆಯಿಂದ ಅಪ್ಪಣೆಗಳು ಬರತೊಡಗಿದವು. ‘ಬಳ್ಳೊಳ್ಳಿ ಹೆಚ್ಚಬಾರದು, ಜಜ್ಜಬೇಕು.’ ‘ಗಜ್ಜರಿ ಮೊದಲ ಹಾಕಬೇಕು, ಸೋರಿಕಾಯಿ ಆಮ್ಯಾಲ.’ ‘ಆ ಬಿಳಿ ಪುಡಿ ಬ್ಯಾಡ. ಒಂದು ಚಮಚ ಜ್ವಾಳದ ಹಿಟ್ಟು ನೀರಾಗ ಕಲಸಿ ಬಿಟ್ರ ಸಾಕು.’ ನಲವತ್ತು ಹುಡುಗರನ್ನು ಗದರಿಸುವ ನಾನು ತುಟಿ ಪಿಟಕ್ಕೆನ್ನದೆ ಹೇಳಿದಷ್ಟು ಮಾಡಿದೆ. ಜೀರಿಗೆ, ಬೆಳ್ಳುಳ್ಳಿ, ಜೋಳದ ಹಿಟ್ಟು ಸೇರಿ ಕುದಿಯುವಾಗ ಬಂದ ಘಮಕ್ಕೆ ನನಗೇ ಹಸಿವಾಯಿತು. ಈ ಸಲ ಸಣ್ಣ ಬಟ್ಟಲಿಗೆ ಬಗ್ಗಿಸಿ ಸ್ಟೂಲಿನ ಮೇಲಿಟ್ಟೆ. ಬಾಗಿಲಲ್ಲಿ ನಿಲ್ಲದೆ ಸೀದಾ ಗೇಟಿಗೆ ಹೋಗಿ ರಸ್ತೆ ನೋಡುತ್ತ ನಿಂತೆ.

ಸಾಕಷ್ಟು ಹೊತ್ತು ಬಿಟ್ಟು ಒಳಗೆ ಬಂದೆ. ಅತ್ತೆ ದಿಂಬಿಗೊರಗಿ ಕಣ್ಣು ಮುಚ್ಚಿದ್ದರು. ಬಟ್ಟಲಲ್ಲಿ ಅರ್ಧ ಹಾಗೇ ಇತ್ತು. ಇದೂ ಸೇರಲಿಲ್ಲವೇನೋ. ಆದರೂ ಅವರು ಮತ್ತೆ ಬಚ್ಚಲಿನ ದಾರಿ ಹಿಡಿಯುವ ಮೊದಲು ಆ ಎಂಜಲು ಬಟ್ಟಲನ್ನು ಇವತ್ತು ನಾನೇ ಎತ್ತಿಬಿಡಬೇಕು, ಒಮ್ಮೆ ಎತ್ತಿದರೆ ಅವರ ಸಂಕೋಚ ಮುಗಿಯುತ್ತದೆ ಎಂದುಕೊಂಡು ಬಗ್ಗಿ ಕೈ ಹಾಕಿದೆ.

‘ಇಡ್ರಿ ಅಲ್ಲೆ’ ಎಂದರು.

ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ‘ದಮ್ಮು ತಗೊಳ್ಳಾಕ ಇಟ್ಟೀನಿ. ಇನ್ನಾ ಕುಡಿಯೋದೈತಿ.’

ಇಟ್ಟೆ. ಹೊರಗೆ ಹೋಗಬೇಕೆಂದು ಗೊತ್ತಿತ್ತು, ಸಂತೋಷಕ್ಕೆ ಕಾಲೇ ಏಳಲಿಲ್ಲ. ಅವರು ಹೋಗಿ ಎನ್ನಲೂ ಇಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಟ್ಟಲು ಎತ್ತಿಕೊಂಡು, ನನ್ನ ಎದುರಿನಲ್ಲೇ ನಿಧಾನಕ್ಕೆ ಕೊನೆಯವರೆಗೆ ಕುಡಿದರು. ಕುಡಿದು, ಖಾಲಿ ಬಟ್ಟಲನ್ನು ನನ್ನ ಕೈಗೆ ಕೊಟ್ಟರು.