ಸೆರಾಪಿಯಾ ಕೊಟ್ಟ ಕೊಸರು

ಕೊಚಬಾಂಬಾದ ಲಾ ಕಾಂಚಾ ಮಾರುಕಟ್ಟೆಯಲ್ಲಿ ಕೊಸರು ಹಾಕದವಳನ್ನು ಯಾರೂ ವ್ಯಾಪಾರಿ ಎನ್ನುವುದಿಲ್ಲ, ಜಿಪುಣಿ ಎನ್ನುತ್ತಾರೆ. ಕಿಲೋ ಟೊಮೆಟೊ ಕೊಂಡರೆ ಮೇಲೊಂದು ಟೊಮೆಟೊ, ಒಂದು ಲೋಟ ಹಣ್ಣಿನ ರಸ ಕುಡಿದರೆ ಮೇಲೆ ಅರ್ಧ ಲೋಟ. ಕೊಳ್ಳುವವಳು "ಯಾಪ ಹಾಕು ಕಸೇರಿತಾ" ಎಂದು ಕೈ ಚಾಚಿಕೊಂಡೇ ನಿಂತಿರುತ್ತಾಳೆ; ಯಾಪ ಎಂದರೆ ಅಲ್ಲಿನ ಮಾತಿನಲ್ಲಿ ಕೊಸರು. ಮಾರುವವಳೂ ಖಾಯಂ ಗಿರಾಕಿಯೆಂಬ ಸಲಿಗೆಯಿಂದ ಅವಳನ್ನು ಕಸೇರಿತಾ ಎಂದೇ ಕರೆದು, ಗೊಣಗಿಕೊಂಡು ಹಾಕುತ್ತಾಳೆ. ಸೆರಾಪಿಯಾ ಮಾತ್ರ ಗೊಣಗಿದವಳಲ್ಲ. ಕೇಳುವ ಮೊದಲೇ ಹಾಕಿಬಿಡುತ್ತಿದ್ದಳು. ಅವಳು ಮಾರುತ್ತಿದ್ದುದು ಹ್ಯಾಮ್‌ಸ್ಟರ್; ಹೆಬ್ಬೆರಳಿಗಿಂತ ಚೂರು ದಪ್ಪ, ಬೆನ್ನ ಮೇಲೊಂದು ಕಪ್ಪು ಗೆರೆ, ಮನೆಯಲ್ಲಿ ಸಾಕುವ ಗಿಡ್ಡ ಜಾತಿಯದು. ಅವಳು ಹಾಕುತ್ತಿದ್ದ ಕೊಸರೂ ಹ್ಯಾಮ್‌ಸ್ಟರೇ.

"ಒಂಟಿಯಾಗಿ ಹೇಗಿರುತ್ತೆ ಪಾಪ? ಇದೂ ಹೋಗ್ಲಿ ಜೊತೆಗೆ" ಎಂದು ಹೊಟ್ಟೆಯ ಕೂದಲನ್ನು ಊದಿ, ಗಂಡೋ ಹೆಣ್ಣೋ ನೋಡಿ, ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಹುಡುಕಿ ಡಬ್ಬಕ್ಕೆ ಇಳಿಸುತ್ತಿದ್ದಳು. ಮರಿ ಹಾಕಿ ಮನೆಯವರಿಗೆ ತಲೆನೋವಾಗಬಾರದಲ್ಲ!

ಮಿನಿಬಸ್ ಓಡಿಸುವ ಗಂಡ ತೊರೀಬಿಯೊ ಇದನ್ನು ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದ. "ನಾನೂ ನಿನ್ ಥರ ವ್ಯಾಪಾರ ಮಾಡಿದ್ರೆ ಒಬ್ರು ಟಿಕೆಟ್ ತಗೊಂಡ್ರೆ ಇನ್ನೊಬ್ರನ್ನ ತೊಡೆ ಮೇಲೆ ಕೂರಿಸ್ಕೊಂಡು ಹೋಗ್ಬೇಕಾಗುತ್ತೆ ಕಣೆ."

"ನಿನ್ನ ತೊಡೆ ಮೇಲೆ ಯಾರು ಕೂರ್ತಾರೋ, ಸುಮ್ನಿರು" ಎನ್ನುತ್ತಿದ್ದಳು ಸೆರಾಪಿಯಾ.

ಇದು ಅವಳಿಗೆ ತಾಯಿಯಿಂದ ಬಂದ ಗುಣ. ತಾಯಿ ಅದೇ ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮಾರಿದವಳು. ತೂಕ ಮುಗಿದ ಮೇಲೆ ಅವಳು ಹಾಕುತ್ತಿದ್ದ ಆ ಕೊನೆಯ ಗಡ್ಡೆಗಾಗಿಯೇ ಜನ ದೂರದಿಂದ ಬರುತ್ತಿದ್ದರು. ಆ ಹೆಂಗಸಿನ ಕೈಗುಣ ದೊಡ್ಡದು, ಅವಳಿಂದ ಕೊಂಡದ್ದು ಮನೆಯಲ್ಲಿ ಕೊಳೆಯುವುದಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ತಾಯಿ ಹೋದ ಮೇಲೆ ಅಂಗಡಿಯ ಜೊತೆ ಆ ಮಾತೂ ಮಗಳಿಗೆ ಬಂತು. ಮೂಟೆ ಎತ್ತಿ ಎತ್ತಿ ಸೊಂಟ ಹೋದಾಗ ಸೆರಾಪಿಯಾ ಆಲೂಗಡ್ಡೆ ಬಿಟ್ಟು ಪ್ರಾಣಿಗಳ ಸಾಲಿಗೆ ಬಂದಳು. ಹ್ಯಾಮ್‌ಸ್ಟರ್ ಹಗುರ ನೋಡಿ. ಕಿಯಾಕೊಯೊ ಕಡೆಯವನೊಬ್ಬ ವಾರಕ್ಕೊಮ್ಮೆ ಮರಿಗಳನ್ನು ತಂದು ಕೊಡುತ್ತಿದ್ದ. ಗಾಜಿನ ಪೆಟ್ಟಿಗೆಯಲ್ಲಿ ಅವು ಒಂದರ ಮೇಲೊಂದು ಗುಡ್ಡೆ ಬಿದ್ದು ಮಲಗುತ್ತಿದ್ದವು. ಬೆಳೆಯುವುದರೊಳಗೆ ಮಾರಿಹೋಗುತ್ತಿದ್ದವು. ಅಂಗಡಿ ಬದಲಾಯಿತು, ಕೈ ಬದಲಾಗಲಿಲ್ಲ. ಸೆರಾಪಿಯಾಳ ಕೈಗುಣ ಒಳ್ಳೆಯದು ಎಂದರು ಜನ. ಬಡವಿಗೆ ಬೇರೆ ಆಸ್ತಿ ಏನಿತ್ತು? ಅವಳು ಅದನ್ನೇ ನಂಬಿಕೊಂಡು ಬಾಳಿದಳು.

ಹೀಗಿರುವಾಗ ಒಂದು ಶನಿವಾರ, ಕಾಲಿಡಲು ಜಾಗವಿಲ್ಲದ ಜನಜಂಗುಳಿಯ ನಡುವೆ, ಕ್ಷೌರದಂಗಡಿಯ ದೋನ್ ಕಸಿಯಾನೊ ಶೂ ಡಬ್ಬವೊಂದನ್ನು ಎದೆಗೆ ಅವಚಿಕೊಂಡು ಬಂದ. ಕತ್ತರಿ ಕಂಡರೆ ಅಳುವ ಮಕ್ಕಳನ್ನು ಸಮಾಧಾನ ಮಾಡಲು ಅವಳಿಂದಲೇ ಹ್ಯಾಮ್‌ಸ್ಟರ್ ಕೊಂಡು ಅಂಗಡಿಯಲ್ಲಿಟ್ಟುಕೊಂಡವನು.

"ಕಸೇರಿತಾ, ನೀವು ಹಾಕಿದ ಕೊಸರು ನಾನು ಕೊಂಡಿದ್ದನ್ನ ತಿಂತಾ ಇದೆ" ಎಂದ.

"ಏನ್ ಹೇಳ್ತಿದೀರಿ? ಯಾವುದು ಕೊಸರು, ಯಾವುದು ಕೊಂಡಿದ್ದು?"

"ಅದು ಗೊತ್ತಾಗಿದ್ರೆ ಕೊಸರನ್ನ ತಂದು ನಿಮ್ಮ ಹ್ಯಾಟಿನ ಮೇಲೆ ಕೂರಿಸ್ತಿದ್ದೆ. ಎರಡೂ ಒಂದೇ ಥರ ಇವೆ. ಕಚ್ಚಿಸ್ಕೊಂಡಿದ್ದನ್ನ ತಂದಿದೀನಿ, ನೋಡಿ."

ಸೆರಾಪಿಯಾ ಮುಚ್ಚಳ ಎತ್ತಿದಳು. ಮೂಲೆಯಲ್ಲಿ ಮುದುಡಿ ಕೂತಿತ್ತು. ಒಂದು ಕಿವಿ ಅರ್ಧ ಇರಲಿಲ್ಲ. ಹಿಂಭಾಗದಲ್ಲಿ ಕೂದಲು ಕಿತ್ತು ಮಾಂಸ ಕೆಂಪಗೆ ಕಾಣುತ್ತಿತ್ತು. ಮೈಯೆಲ್ಲ ಗಡಗಡ ನಡುಗುತ್ತಿತ್ತು. ಅವಳ ಎದೆ ಧಸಕ್ಕೆಂದಿತು. ಎದೆ ಧಸಕ್ಕೆಂದಾಗ ಮಾರುಕಟ್ಟೆಯ ಹೆಂಗಸು ಮೊದಲು ಮಾಡುವುದೇನು? ಜೋರು ಮಾಡುವುದು.

"ನೀವು ಸರಿಯಾಗಿ ತಿನ್ನೋಕೆ ಹಾಕಿಲ್ಲ!"

"ನನಗಿಂತ ಚೆನ್ನಾಗಿ ತಿಂದಿವೆ ಕಣ್ರೀ! ಇಷ್ಟು ದಿನ ಒಂದೇ ತಟ್ಟೇಲಿ ತಿಂದು ಒಂದೇ ಗೂಡಲ್ಲಿ ಮಲಗ್ತಿದ್ವು. ಇವತ್ತು ಒಂದು ಮಗೂಗೆ ಕ್ಷೌರ ಮಾಡ್ತಿದ್ದೆ, ಕೀಚ್ ಅಂತ ಕಿರುಚಾಟ. ತಿರುಗಿ ನೋಡಿದ್ರೆ ಒಂದು ಇನ್ನೊಂದರ ಮೇಲೆ ಹತ್ತಿ ಕಚ್ಚಿ ಎಳೀತಾ ಇದೆ. ಮಗು ಅರ್ಧ ತಲೆ ಕ್ಷೌರದಲ್ಲೇ ಎದ್ದು ಓಡ್ತು. ಅವರಮ್ಮ ನನಗೆ ಬೈದಿದ್ದು ಈ ಸಾಲಿನ ಕೊನೇವರೆಗೂ ಕೇಳಿರ್ಬೇಕು."

ಪಾಪ, ತನ್ನವರ ನಡುವೆ ಬಿಟ್ಟರೆ ಸಮಾಧಾನ ಆಗುತ್ತದೆ ಎಂದುಕೊಂಡಳು ಸೆರಾಪಿಯಾ. ಅದನ್ನೆತ್ತಿ ಗಾಜಿನ ಪೆಟ್ಟಿಗೆಯ ಮರಿಗಳ ಗುಡ್ಡೆಯ ಪಕ್ಕ ಬಿಟ್ಟಳು. ಮರಿಗಳು ಬೆಚ್ಚಗಿನ ಮೈ ಸಿಕ್ಕಿತೆಂದು ಅದರತ್ತ ತೆವಳಿದವು. ಅಷ್ಟೇ. ಪೆಟ್ಟು ತಿಂದದ್ದೇ ತಿರುಗಿ ಬಿದ್ದು ಒಂದು ಮರಿಯ ಮೂತಿಗೆ ಕಚ್ಚಿತು. ಬಿಡಿಸಲು ಹೋದ ಸೆರಾಪಿಯಾಳ ಬೆರಳಿಗೂ ಹಲ್ಲು ನಾಟಿತು. ಹೇಗೋ ಹಿಡಿದು ಮತ್ತೆ ಶೂ ಡಬ್ಬಕ್ಕೆ ಹಾಕಿ, ರಕ್ತ ಬರುವ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಳು.

"ಇಷ್ಟು ವರ್ಷ ಮಾರಿದೀನಿ. ಒಬ್ರೂ ಹೀಗೆ ವಾಪಸ್ ತಂದಿಲ್ಲ" ಎಂದಳು. ಧ್ವನಿ ಆಗಲೇ ಇಳಿದಿತ್ತು.

ಕಸಿಯಾನೊ ಅವಳನ್ನು ಒಂದು ಕ್ಷಣ ನೋಡಿದ. ಕೆಟ್ಟ ಮನುಷ್ಯನಲ್ಲ, ಬಾಯಿಬಡುಕ ಅಷ್ಟೇ. "ಕೊಸರು ಸರಿಯಿಲ್ಲ ಅಂತ ಯಾರು ದೂರು ತರ್ತಾರೆ ಕಸೇರಿತಾ? ಪುಕ್ಕಟೆ ಸಿಕ್ಕಿದ್ದಲ್ವಾ, ನಾಚಿಕೆ ಆಗುತ್ತೆ. ಸತ್ರೆ ಸತ್ತೋಯ್ತು ಅಂತ ಗುಂಡಿ ತೋಡಿ ಮುಚ್ಚಿಬಿಡ್ತಾರೆ. ನನಗೆ ನಾಚಿಕೆ ಇಲ್ಲ, ಬಂದೆ."

ಆ ಮಾತು ಅವಳಿಗೆ ತಾಗಿತು ನೋಡಿ. ತಾಯಿ ಹಾಕಿದ ಆಲೂಗಡ್ಡೆ ಚೀಲದೊಳಗೆ ಇನ್ನೊಂದು ಆಲೂಗಡ್ಡೆಯನ್ನು ಕಚ್ಚಿದ್ದುಂಟೇ? ಇವಳು ಎಷ್ಟು ಮನೆಗಳಿಗೆ ಎಷ್ಟು ಜೋಡಿ ಕಟ್ಟಿ ಕಳಿಸಿದ್ದಾಳೋ ದೇವರಿಗೇ ಗೊತ್ತು. ಅವು ದೊಡ್ಡವಾದ ಮೇಲೆ ಏನಾದವು ಎಂದು ಅವಳು ಒಂದು ದಿನವೂ ಕಂಡಿರಲಿಲ್ಲ. ಮರಿಗಳನ್ನು ಮಾತ್ರ ಬಲ್ಲವಳು ಅವಳು. ದೂರು ಬರಲಿಲ್ಲ, ಅದನ್ನೇ ಕೈಗುಣ ಎಂದುಕೊಂಡಳು.

ಶೂ ಡಬ್ಬವನ್ನು ತಾನೇ ಇಟ್ಟುಕೊಂಡಳು. ಇದೊಂದು ಬದುಕಿಬಿಟ್ಟರೆ ನನ್ನ ಕೈ ಕೆಟ್ಟದ್ದಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದಳು.

ಹತ್ತಿರದ ಪಶುವೈದ್ಯೆ ಉಪ್ಪುನೀರಿನಿಂದ ಗಾಯ ತೊಳೆದು, ಔಷಧಿ ಹಚ್ಚಿ ಹೇಳಿದಳು: "ಒಂದ್ಸಲ ರಕ್ತ ಬಂದ ಮೇಲೆ ಇವನ್ನ ಇನ್ಯಾವತ್ತೂ ಒಟ್ಟಿಗೆ ಬಿಡ್ಬೇಡಿ ಅಮ್ಮಾ. ಬೇರೆ ಗೂಡು, ಆಳವಾಗಿ ಮರದ ಹೊಟ್ಟು, ಅಡಗೋಕೆ ಒಂದು ಪೆಟ್ಟಿಗೆ, ಒಂದು ಚಕ್ರ. ಇನ್ನೊಂದರ ವಾಸನೆ ಕೂಡ ಬರ್ಬಾರ್ದು. ಆಮೇಲೆ ಮುಟ್ಟೋಕೆ ಹೋಗ್ಬೇಡಿ. ತನ್ನ ಮೈ ಮೇಲೆ ಯಾರೂ ಬೀಳಲ್ಲ ಅಂತ ಅದಕ್ಕೇ ನಂಬಿಕೆ ಬರ್ಬೇಕು."

"ಮತ್ತೆ ನಾನೇನು ಮಾಡ್ಲಿ?"

"ಏನೂ ಮಾಡ್ಬೇಡಿ."

ಏನೂ ಮಾಡಬೇಡ ಎಂದರೆ ಸೆರಾಪಿಯಾಳಂಥವಳು ಹೇಗೆ ಬದುಕುವುದು? ಹುಟ್ಟಿದಾಗಿನಿಂದ ಇನ್ನೊಂದು ಹಾಕು, ಇನ್ನಷ್ಟು ಹಾಕು ಎಂದೇ ಕಲಿತ ಕೈ. ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಗೂಡು ಇಟ್ಟಳು, ಹೊಟ್ಟು ತುಂಬಿದಳು, ರಟ್ಟಿನ ಪೆಟ್ಟಿಗೆಗೆ ಬಾಗಿಲು ಕೊರೆದಳು. ಪ್ರಾಣಿ ಪೆಟ್ಟಿಗೆಯೊಳಗೆ ನುಗ್ಗಿ ಹೊರಗೇ ಬರಲಿಲ್ಲ. ಬೀಜ ಹಾಕಿದ್ದು ಹಾಗೇ ಇತ್ತು. ಸೌತೆಕಾಯಿ ಇಟ್ಟಳು. ಬೇಯಿಸಿದ ಮೊಟ್ಟೆ ಚೂರು ಇಟ್ಟಳು. ಕಿನ್ವಾ ಇಟ್ಟಳು. ಚಳಿಯಾದೀತೆಂದು ಉಣ್ಣೆ ತುರುಕಿದಳು. ಪ್ರತಿ ಸಲ ಅವಳ ಕೈ ಒಳಗೆ ಹೋದಾಗಲೂ ಅದು ಅಂಗಾತ ಬಿದ್ದು, ನಾಲ್ಕೂ ಕಾಲು ಮೇಲೆತ್ತಿ, ಹಲ್ಲು ಬಿಟ್ಟು ಕೀರಲು ದನಿಯಲ್ಲಿ ಕಿರುಚುತ್ತಿತ್ತು.

"ನಿನ್ನ ಕೈ ಕಂಡ್ರೇನೇ ಅದಕ್ಕೆ ಜೀವ ಹೋಗ್ತಿದೆಯಲ್ಲೇ" ಎಂದ ತೊರೀಬಿಯೊ. ತಮಾಷೆಗೇ ಅಂದದ್ದು. ಆದರೆ ಸೆರಾಪಿಯಾ ಹೊದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅವನು ಪೆಚ್ಚಾಗಿ ಅವಳ ಪಕ್ಕ ಕೂತ.

ಅತ್ತ ಕಸಿಯಾನೊನ ಕ್ಷೌರದಂಗಡಿಯಲ್ಲೂ ಸುಖವಿರಲಿಲ್ಲ. ಫೋನ್ ಮಾಡಿದ. "ಕಸೇರಿತಾ, ನನ್ನ ಹತ್ರ ಉಳಿದ ಈ ರೌಡಿ ಊಟ ಬಿಟ್ಟಿದೆ. ದಿನವಿಡೀ ಗೂಡಿನ ಕಂಬಿ ಕಡೀತಾ ಸುತ್ತುತ್ತೆ. ಕ್ಷೌರಕ್ಕೆ ಬಂದವರೆಲ್ಲ ತಮ್ಮನನ್ನ ಹುಡುಕ್ತಿದೆ ಪಾಪ, ಯಾಕಯ್ಯಾ ಬೇರೆ ಮಾಡಿದೆ ಅಂತ ನನಗೇ ಬೈತಾರೆ. ಒಂದ್ಸಲ ಎದುರುಬದುರು ಇಟ್ಟು ನೋಡೋಣ್ವಾ? ಬರೀ ನೋಡ್ಲಿ. ಬೇರೆ ಬೇರೆ ಗೂಡಲ್ಲೇ."

ವೈದ್ಯೆ ಬೇಡ ಎಂದದ್ದು ಸೆರಾಪಿಯಾಳಿಗೆ ನೆನಪಿತ್ತು. ಆದರೂ ಬನ್ನಿ ಎಂದಳು. ಇಬ್ಬರೂ ಕೊರಗುತ್ತಿದ್ದಾರೆ, ಮುಖ ಕಂಡರೆ ಉಸಿರು ಬಂದೀತು ಎಂದು ಅವಳ ಕರುಳು ಹೇಳುತ್ತಿತ್ತು. ಮನುಷ್ಯರಲ್ಲಿ ಹಾಗೇ ಅಲ್ಲವೇ ಎಂದುಕೊಂಡಳು. ಇವು ಮನುಷ್ಯರಲ್ಲ ಎಂದು ಅವಳಿಗೆ ಯಾರು ಹೇಳಬೇಕು?

ಕಸಿಯಾನೊ ಗೂಡು ತಂದು ಪಕ್ಕದಲ್ಲಿಟ್ಟ. ರೌಡಿ ಮೂಗು ಅರಳಿಸಿತು, ಕಂಬಿಗೆ ಹಾರಿ ಹಲ್ಲು ಕಟಕಟ ಆಡಿಸಿತು. ದಿನಗಟ್ಟಲೆ ಪೆಟ್ಟಿಗೆಯಿಂದ ಹೊರಗೆ ಬಾರದಿದ್ದದ್ದು ಈಗ ಹೊರಗೆ ಬಂತು, ಆದರೆ ನೋಡಲು ಅಲ್ಲ. ಓಡಿಹೋಗಲು. ಆಚೆ ಗೋಡೆಗೆ ಹಾರಿ ಹಾರಿ ಬಿತ್ತು, ಒಣಗುತ್ತಿದ್ದ ಗಾಯ ಬಿರಿದು ಹೊಟ್ಟಿನ ಮೇಲೆ ರಕ್ತದ ಹನಿ ಬಿತ್ತು. "ತಗೊಂಡ್ಹೋಗಿ! ತಗೊಂಡ್ಹೋಗ್ರೀ!" ಎಂದು ಕೂಗಿದಳು ಸೆರಾಪಿಯಾ. ಕಸಿಯಾನೊ ಗೂಡಿನ ಮೇಲೆ ಕೋಟು ಮುಚ್ಚಿಕೊಂಡು ಹೊರಟ.

ಆಮೇಲೆ ಅವಳು ಶರಣಾದಳು. ಗೂಡಿನ ಮೂರು ಕಡೆ ಬಟ್ಟೆ ಮುಚ್ಚಿದಳು. ನೀರು ಬದಲಾಯಿಸಿ, ಒಂದು ಚಿಟಿಕೆ ಬೀಜ ಎರಚಿ, ದೂರ ಹೋಗಿ ಕೂರುತ್ತಿದ್ದಳು. ಕೈ ತಡೆಯಲಾಗದೆ ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡು ಕೂರುತ್ತಿದ್ದಳು. ತೊರೀಬಿಯೊ ರೇಡಿಯೋ ಹಾಕುವುದನ್ನೂ ಬಿಟ್ಟ. "ನಮ್ಮನೇಲಿ ಅತ್ತೆ ಬಂದಾಗ್ಲೂ ಇಷ್ಟು ಮೆತ್ತಗೆ ನಡೆದಿರ್ಲಿಲ್ಲ ನಾನು" ಎಂದು ಪಿಸುಗುಟ್ಟಿದ. ಬದುಕುತ್ತದೋ ಸಾಯುತ್ತದೋ ತಿಳಿಯದೆ ದಿನ ಕಳೆದವು. ಅದನ್ನು ಕರೆಯಲು ಬಾರದು, ತಬ್ಬಲು ಬಾರದು, ಕ್ಷಮಿಸು ಎನ್ನಲು ಬಾರದು. ಅಂಥ ನಿಸ್ಸಹಾಯಕತೆಯನ್ನು ಅವಳು ತಾಯಿ ಸಾಯುವಾಗಲೂ ಕಂಡಿರಲಿಲ್ಲ. ತಾಯಿಯ ಕಾಲನ್ನಾದರೂ ಒತ್ತಬಹುದಿತ್ತು.

ಒಂದು ಸಂಜೆ ಇಬ್ಬರೂ ಊಟಕ್ಕೆ ಕೂತಿದ್ದಾಗ ಬಟ್ಟೆಯ ಹಿಂದಿನಿಂದ ಗರಗರ ಸದ್ದು ಬಂತು. ನಿಂತಿತು. ಮತ್ತೆ ಬಂತು. ಚಕ್ರ ತಿರುಗುತ್ತಿತ್ತು. ಸೆರಾಪಿಯಾ ಏಳಹೋದಳು, ತೊರೀಬಿಯೊ ಅವಳ ಭುಜ ಹಿಡಿದು ಕೂರಿಸಿದ. ಇಬ್ಬರೂ ತಟ್ಟೆಯ ಊಟ ಆರಿಹೋಗುವವರೆಗೂ ಕೇಳುತ್ತ ಕೂತರು. ಬೆಳಿಗ್ಗೆ ನೋಡಿದರೆ ಬೀಜದ ಸಿಪ್ಪೆ ಮಾತ್ರ ಉಳಿದಿತ್ತು. ಬದುಕಿತು. ಅವಳ ಕೈಗೆ ಮಾತ್ರ ಅದು ಎಂದೂ ಬರಲಿಲ್ಲ. ರೌಡಿಯೂ ಒಂಟಿಯಾಗಿ ಆರಾಮಾಗಿ ತಿಂದುಂಡು ದಪ್ಪಗಾಗಿದೆ ಎಂದು ಕಸಿಯಾನೊ ತಿಳಿಸಿದ.

ಶನಿವಾರ ಅವಳು ಮಾರುಕಟ್ಟೆಗೆ ಹಗುರಾಗಿ ಹೋದಳು. ಇನ್ನು ಮೇಲೆ ಕೊಸರಿಗೆ ಸೂರ್ಯಕಾಂತಿ ಬೀಜ, ಪ್ರಾಣಿಯಲ್ಲ ಎಂದು ತೀರ್ಮಾನಿಸಿಕೊಂಡಿದ್ದಳು. ಪುಟ್ಟ ಮಗಳ ಕೈ ಹಿಡಿದು ಒಬ್ಬ ಹೆಂಗಸು ಬಂದಳು. ಸೆರಾಪಿಯಾ ಒಂದು ಮರಿಯನ್ನು ಡಬ್ಬಕ್ಕೆ ಹಾಕಿ, ಮೇಲೆ ಬೊಗಸೆ ಬೀಜ ಕಟ್ಟಿದಳು.

"ಇನ್ನೊಂದು?" ಎಂದಳು ಹೆಂಗಸು. "ನನ್ನ ತಂಗಿಗೆ ಎರಡು ಕೊಟ್ಟಿದ್ರಲ್ಲಾ!"

"ನಿಮ್ಮ ತಂಗಿ ಮನೇಲಿ ಅವು ಹೇಗಿವೆ?" ಸೆರಾಪಿಯಾ ಕೇಳಿದಳು.

ಹೆಂಗಸು ಅತ್ತಿತ್ತ ನೋಡಿದಳು. "ಒಂದು ಸತ್ತೋಯ್ತು. ಆಯಸ್ಸಿಲ್ಲದ ಪ್ರಾಣಿ, ಬಿಡಿ. ನಿಮ್ಮ ಮೇಲೇನೂ ದೂರಿಲ್ಲ."

"ಕಚ್ಚಾಡಿದ್ವಾ?"

"ಏನೋ ಒಂದಿಷ್ಟು ರಕ್ತ ಇತ್ತಂತೆ. ಅದಕ್ಕೇನೀಗ? ಕೊಸರು ಹಾಕ್ತೀರೋ ಇಲ್ವೋ?"

"ಇಲ್ಲ ಕಸೇರಿತಾ. ದೊಡ್ಡವಾದ್ಮೇಲೆ ಕೊಂದ್ಕೊಳ್ತವೆ. ನಾನೇ ಕಣ್ಣಾರೆ ನೋಡಿದೀನಿ."

"ಕೊಡೋಕೆ ಮನಸ್ಸಿಲ್ದಿದ್ರೆ ಇಲ್ಲ ಅನ್ನಿ. ಕತೆ ಯಾಕೆ ಕಟ್ತೀರಿ?" ಹೆಂಗಸು ಡಬ್ಬವನ್ನು ಹಲಗೆಯ ಮೇಲೆ ಕುಕ್ಕಿ, ಪಕ್ಕದಂಗಡಿಗೆ ನಡೆದಳು. ಅಲ್ಲಿ ಕೂತಿದ್ದವಳು ಉಬಾಲ್ದಿನಾ. ಮೊದಲು ಹಕ್ಕಿಗಳನ್ನಷ್ಟೇ ಮಾರುತ್ತಿದ್ದವಳು ಈಚೆಗೆ ಹ್ಯಾಮ್‌ಸ್ಟರ್ ಕೂಡ ಇಟ್ಟಿದ್ದಳು. ನಗುನಗುತ್ತ ಎರಡು ಮರಿಗಳನ್ನು ಒಂದೇ ಡಬ್ಬಕ್ಕೆ ಇಳಿಸಿದಳು.

"ಉಬಾಲ್ದಿನಾ, ಬೇಡ ಕಣೆ! ಜೋಡಿ ಕೊಡ್ಬೇಡ!"

"ಅಯ್ಯೋ, ನಿನ್ನಿಂದ್ಲೇ ಕಲಿತಿದ್ದು ಅಕ್ಕಾ! ಈಗ ಗಿರಾಕಿ ನನ್ನ ಕಡೆ ಬಂದ್ರೆ ಹೊಟ್ಟೆ ಉರಿಯುತ್ತಾ?" ಸುತ್ತ ನಿಂತವರು ನಕ್ಕರು.

ಸೆರಾಪಿಯಾ ಅಂಗಡಿ ಬಿಟ್ಟು ಜನರ ನಡುವೆ ನುಗ್ಗಿ ಆ ಹೆಂಗಸಿನ ತೋಳು ಹಿಡಿದಳು. "ಒಂದನ್ನ ನನಗೆ ಕೊಡಿ. ದುಡ್ಡು ಕೊಡ್ತೀನಿ. ಇಲ್ಲಾಂದ್ರೆ ಇನ್ನೊಂದು ಗೂಡು ಕೊಡ್ತೀನಿ, ಬೇರೆ ಬೇರೆ ಇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮಗಳು ಹೆದರಿ ಡಬ್ಬವನ್ನು ಎದೆಗೊತ್ತಿಕೊಂಡಳು. ಹೆಂಗಸು ಸಿಟ್ಟಿನಿಂದಲ್ಲ, ಕನಿಕರದಿಂದಲೇ ಎಂಬಂತೆ ಮುಚ್ಚಳ ಚೂರು ಎತ್ತಿ ತೋರಿಸಿದಳು. "ನೀವೇ ನೋಡಿ ಅಮ್ಮಾ. ಇವು ಕಚ್ಚಾಡ್ತವಾ?"

ಒಳಗೆ ಎರಡೂ ಆಗಲೇ ಒಂದರ ಕುತ್ತಿಗೆಯ ಮೇಲೆ ಇನ್ನೊಂದು ತಲೆಯಿಟ್ಟು ನಿದ್ದೆ ಹೋಗಿದ್ದವು. ಸೆರಾಪಿಯಾ ನೋಡಿದಳು. ಹಿಡಿದಿದ್ದ ತೋಳನ್ನು ಬಿಟ್ಟಳು. ತಾಯಿ ಮಗಳು ಜನರ ನಡುವೆ ಸೇರಿಕೊಂಡು ಬಸ್ಸಿನ ಕಡೆ ಹೋದರು.